ನಾಲಿಗೆ ಮುರಿದ ಬೀಗ

ನಾನು ಒಂದು ಬೀಗ. ಕೊಂಡಿಗೆ ನೇತಾಡುವ ಜಾತಿಯಲ್ಲ, ಬಾಗಿಲ ಮರವನ್ನು ಕೊರೆದು ಒಳಗೇ ಕೂರಿಸುವ ಜಾತಿ. ಉತ್ತರದ ಕಡೆಯ ಯಾವುದೋ ಓಣಿಯಲ್ಲಿ, ಅರ ಹಿಡಿದ ಮುದುಕನೊಬ್ಬನ ಕೈಯಲ್ಲಿ ಹುಟ್ಟಿದೆ. ಚೌಕಟ್ಟಿನ ತೂತಿಗೆ ಹೋಗಿ ಕೂರುವ ನನ್ನ ಹಿತ್ತಾಳೆಯ ನಾಲಿಗೆಯನ್ನು ಅವನು ಉಜ್ಜಿ ಉಜ್ಜಿ ನಯಮಾಡಿದ. ಕೀಲಿಕೈ ತಿರುಗಿಸಿ, ‘ಟಕ್’ ಎಂಬ ಸದ್ದು ಕೇಳಿದ ಮೇಲೆಯೇ ನನ್ನನ್ನು ಕೆಳಗಿಟ್ಟ. ಆ ಸದ್ದಿನ ಬಗ್ಗೆ ನನಗೆ ಬಹಳ ಜಂಬವಿತ್ತು.

ಗದಗಿನ ಒಂದು ಹತ್ತಿ ಗೋದಾಮನ್ನು ಹನ್ನೆರಡು ವರ್ಷ ಕಾದೆ. ಹತ್ತಿ ಯಾರ ಮೇಲೂ ದೂರು ಹೇಳುವುದಿಲ್ಲ, ಹಾಗಾಗಿ ನನಗೂ ನೆಮ್ಮದಿ. ಗೋದಾಮು ಕೆಡವಿದಾಗ ಗುಜರಿ ಅಂಗಡಿಗೆ ಬಂದೆ. ಅಲ್ಲಿಂದ ನನ್ನನ್ನು ಕೊಂಡವನು ಬಸ್ ಕಂಡಕ್ಟರ್ ಬಸಲಿಂಗಪ್ಪ. ಅವನ ಮದುವೆಯಾಗಿ ಆಗ ಮೂರು ವಾರ.

ವಠಾರದಲ್ಲಿ ಅವನದು ಎರಡು ಕೋಣೆಯ ಮನೆ, ಹಿಂಬಾಗಿಲಿಲ್ಲ. ಬಡಗಿ ನನ್ನನ್ನು ಕೂರಿಸುತ್ತಿದ್ದಾಗ ಹೆಂಡತಿ ಕಸ್ತೂರಿ ಚಹಾ ತಂದಳು.

“ಒಳಗಿಂದ ಹಾಕ್ಕೊಳ್ಳಾಕ ಹೆಂಗ್ರಿ ಇದಕ್ಕ?” ಎಂದು ಕೇಳಿದಳು.

“ಒಳಗಿಂದ ಬ್ಯಾಡ,” ಎಂದ ಬಸಲಿಂಗಪ್ಪ.

ಮರುದಿನದಿಂದ ಅವನು ಬೆಳಿಗ್ಗೆ ಏಳಕ್ಕೆ ಹೊರಗಿನಿಂದ ನನ್ನನ್ನು ತಿರುಗಿಸಿ ಕೆಲಸಕ್ಕೆ ಹೋಗುತ್ತಿದ್ದ. ಸಂಜೆ ಐದಕ್ಕೆ ಬಂದು ತೆಗೆಯುತ್ತಿದ್ದ. ಕಸ್ತೂರಿ ಮದುವೆಗೆ ಮೊದಲು ಟೈಪಿಂಗ್ ಜೂನಿಯರ್ ಪಾಸು ಮಾಡಿದ್ದಳು. ಸೀನಿಯರ್ ಪಾಸು ಮಾಡಿ ಕೋರ್ಟಿನಲ್ಲಿ ಟೈಪಿಸ್ಟ್ ಆಗಬೇಕೆಂಬುದು ಅವಳ ಒಂದೇ ಆಸೆ. ಟೈಪಿಂಗ್ ಕಲಿಸುವ ಶಾಲೆ ಅದೇ ಓಣಿಯ ತುದಿಯಲ್ಲಿತ್ತು, ಯಂತ್ರಗಳ ಸದ್ದು ಕಿಟಕಿಯಿಂದ ಒಳಗೆ ಬರುತ್ತಿತ್ತು.

ಮೊದಲ ತಿಂಗಳು ಅವಳು ಬಾಗಿಲನ್ನು ಎರಡೂ ಕೈಯಿಂದ ಎಳೆದಳು, ಕೂಗಿದಳು. ನೆರೆಯವರು ಕೇಳಿಸದವರ ಹಾಗಿದ್ದರು. ಅವರಲ್ಲೊಬ್ಬರು ಸಂಜೆ ಬಸಲಿಂಗಪ್ಪನಿಗೆ ಸುದ್ದಿ ಮುಟ್ಟಿಸಿದರು, ಅವನು ಹೊಡೆದ. ಇನ್ನೊಮ್ಮೆ ಅವಳು ಹೇರ್‌ಪಿನ್ನಿನಿಂದ ನನ್ನನ್ನು ಕೆದಕಿದಳು. ಗೀರು ಕಂಡ ಅವನು ಅವಳ ಟೈಪಿಂಗ್ ಪುಸ್ತಕವನ್ನು ಒಲೆಗೆ ಹಾಕಿದ. ಆಮೇಲೆ ಅವಳು ಎಳೆಯಲಿಲ್ಲ. ರಜೆಯ ದಿನ ಅವನು ಮನೆಯಲ್ಲಿದ್ದು ಬಾಗಿಲು ಹಾರು ಹೊಡೆದಿದ್ದರೂ ಹೊಸಿಲಿನ ಹತ್ತಿರ ಸುಳಿಯುತ್ತಿರಲಿಲ್ಲ. ನಾನೆಷ್ಟು ಗಟ್ಟಿ ಎಂದು ಆಗ ಬೀಗಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೂರನೇ ವರ್ಷ ಒಂದು ಬೆಳಿಗ್ಗೆ, ಅವನು ಅವಸರದಲ್ಲಿ ಕೀಲಿಕೈ ತಿರುಗಿಸಿದಾಗ ನನ್ನ ನಾಲಿಗೆ ಬುಡದಲ್ಲೇ ಮುರಿದು ಒಳಗೆ ಬಿತ್ತು. ‘ಟಕ್’ ಮಾತ್ರ ಎಂದಿನಂತೆಯೇ ಬಂತು. ಬಾಗಿಲು ಚೌಕಟ್ಟಿಗೆ ಬಿಗಿಯಾಗಿ ಕೂರುತ್ತಿದ್ದುದರಿಂದ ತಾನಾಗಿ ತೆರೆದುಕೊಳ್ಳಲಿಲ್ಲ. ಸದ್ದು ಕೇಳಿದ ಬಸಲಿಂಗಪ್ಪ ಹೊರಟುಹೋದ. ಸದ್ದು ಕೇಳಿದ ಕಸ್ತೂರಿ ಒಳಗೆ ಕುಳಿತಳು.

ಹೀಗೆ ನಾಲ್ಕು ವರ್ಷ ಕಳೆಯಿತು. ದಿನವೂ ಮಧ್ಯಾಹ್ನ ಅವಳು ಬಾಗಿಲ ಬಳಿ ಕುಳಿತು ಹಲಗೆಯ ಮೇಲೆ ಹತ್ತೂ ಬೆರಳಿಟ್ಟು ಟೈಪ್ ಮಾಡುತ್ತಿದ್ದಳು. “ಎ, ಎಸ್, ಡಿ, ಎಫ್,” ಎಂದು ತುಟಿ ಅಲುಗುತ್ತಿತ್ತು. ಕೈ ಬಾಗಿಲ ಮೇಲೆಯೇ ಇತ್ತು. ಅದನ್ನು ಒಮ್ಮೆ ತನ್ನ ಕಡೆಗೆ ಎಳೆದಿದ್ದರೆ ಸಾಕಿತ್ತು. ಹೇಳೋಣವೆಂದರೆ ನನಗೆ ಬರುವ ಮಾತು ‘ಟಕ್’ ಒಂದೇ, ಅದೂ ಸುಳ್ಳು.

ಒಂದು ದಿನ ಜನಗಣತಿಗೆಂದು ಶಾಂತಾಬಾಯಿ ಎಂಬ ಶಾಲೆಯ ಟೀಚರು ಬಂದರು. ಒಳಗಿನಿಂದ ಕಸ್ತೂರಿ, “ಹೊರಗಿಂದ ಕೀಲಿ ಹಾಕ್ಯಾರ್ರಿ,” ಎಂದಳು. ಹೊರಗೆ ನಿಂತೇ ಕೇಳಿ ಬರೆಯೋಣವೆಂದು ಟೀಚರು ತಮ್ಮ ಅಗಲವಾದ ನಮೂನೆಯನ್ನು ಬಾಗಿಲಿಗೆ ಒತ್ತಿ ಹಿಡಿದರು. ಬಾಗಿಲು ತೆರೆದುಕೊಂಡಿತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

“ಬಾಗಲಾ ಮುಚ್ಚರಿ, ಬಾಯಾರ,” ಎಂದಳು ಕಸ್ತೂರಿ. “ನಿಮ್ಮ ಕಾಲಿಗೆ ಬೀಳ್ತೀನಿ, ಮುಚ್ಚರಿ.”

ನಾಲ್ಕು ವರ್ಷದಲ್ಲಿ ನಾನು ಕೇಳಿದ ಅತ್ಯಂತ ಕೆಟ್ಟ ಮಾತು ಅದು. ಟೀಚರು ಏನನ್ನೂ ಕೆದಕಲಿಲ್ಲ. ಹೆಸರು, ವಯಸ್ಸು ಬರೆದುಕೊಂಡು, “ಏನ್ ಕಲ್ತೀಯವ್ವಾ?” ಎಂದರು.

“ಟೈಪಿಂಗ್ ಜೂನಿಯರ್ ಪಾಸ್ರಿ.”

“ಕೆಲಸ?”

ಕಸ್ತೂರಿ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಟೀಚರು ನಮೂನೆ ಮಡಿಸಿ, ಬಾಗಿಲು ಎಳೆದುಕೊಂಡು ಹೋದರು.

ಅಂದು ಅವಳು ಟೈಪ್ ಮಾಡಲಿಲ್ಲ, ಬಾಗಿಲು ನೋಡುತ್ತ ಕುಳಿತಳು. ಎರಡು ದಿನ ಹತ್ತಿರವೇ ಬರಲಿಲ್ಲ. ಆಮೇಲೊಮ್ಮೆ ಹಿಡಿಕೆಗೆ ಕೈ ಹಾಕಿ, ಒಂದು ಬೆರಳಿನಷ್ಟು ಎಳೆದು, ಬೆಂಕಿ ಮುಟ್ಟಿದವಳಂತೆ ಬಿಟ್ಟು ಅತ್ತಳು. ಇನ್ನೊಂದು ದಿನ ಹೊಸಿಲ ಮೇಲೆ ನಿಂತು ಒಳಗೆ ಓಡಿಬಂದಳು. ಓಣಿಯ ತುದಿ ಮುಟ್ಟಲು ಹದಿನೈದು ದಿನ ಬೇಕಾಯಿತು. ಇಪ್ಪತ್ತು ಮನೆಗಳ ದಾರಿ ಅದು.

ನಂತರ ದಿನವೂ ಒಂದು ತಾಸು ಟೈಪಿಂಗ್ ಶಾಲೆಗೆ ಹೋದಳು. ಶುಲ್ಕಕ್ಕೆ ಕಿವಿಯ ಬೆಂಡೋಲೆ ಮಾರಿ ಪರೀಕ್ಷೆಗೂ ಹೆಸರು ಕೊಟ್ಟಳು. ಬೆಳಿಗ್ಗೆ ನಾನು ‘ಟಕ್’ ಎನ್ನುತ್ತಿದ್ದೆ. ಜೀವಮಾನದಲ್ಲಿ ಮೊದಲ ಸಲ ಸುಳ್ಳು ಹೇಳುವುದರಲ್ಲಿ ಸುಖ ಕಂಡೆ.

ಪರೀಕ್ಷೆಗೆ ನಾಲ್ಕು ದಿನವಿದ್ದಾಗ ಬಸ್ಸು ಕೆಟ್ಟು ಬಸಲಿಂಗಪ್ಪ ಮಧ್ಯಾಹ್ನವೇ ಬಂದ. ಕೀಲಿಕೈ ತಿರುಗಿಸಿ ಒಳಗೆ ನೋಡಿದರೆ ಮನೆ ಖಾಲಿ. ಅವನು ಕುಳಿತು ಕಾದ. ಅವಳು ಬೆರಳಿಗೆ ರಿಬ್ಬನ್ನಿನ ಮಸಿ ಹತ್ತಿಸಿಕೊಂಡು ಬಂದಳು.

“ಹೆಂಗ್ ಹೊರಗ ಹೋದಿ?”

“ಬಾಗಲಾ ಎಳದೆ, ಬಂತು. ಕೀಲಿ ಎಂದ ಕೆಟ್ಟೈತೋ ನನಗೂ ಗೊತ್ತಿಲ್ರಿ.” ಚಪ್ಪಲಿ ಬಿಟ್ಟು ಒಳಗೆ ಬಂದು ಹೇಳಿದಳು, “ಐತವಾರ ಪರೀಕ್ಷಾ ಐತ್ರಿ. ನಾ ಹೋಗ್ತೀನಿ.”

ಅವನು ಹೊಡೆದ, ಬಹಳ ಹೊಡೆದ. ಮರುದಿನ ಬಡಗಿಯನ್ನು ಕರೆಸಿ ನನ್ನನ್ನು ಕೀಳಿಸಿ, ಹೊರಗೆ ಚೌಕಟ್ಟಿಗೆ ಕಬ್ಬಿಣದ ಕೊಂಡಿ ಹೊಡೆಸಿ, ಅಂಗೈಯಗಲದ ಹೊಸ ಬೀಗ ಜಡಿದ. ನನ್ನನ್ನು ಚೀಲಕ್ಕೆ ಹಾಕಿಕೊಂಡು ಅಂಗಳ ದಾಟುವಾಗ ಹಿಂದೆ ಸದ್ದು ಕೇಳಿತು. ಕಸ್ತೂರಿ ಬಾಗಿಲು ಎಳೆಯುತ್ತಿದ್ದಳು. ಕೂಗಲಿಲ್ಲ, ಅಳಲಿಲ್ಲ. ಎಳೆದು, ಉಸಿರು ಬಿಟ್ಟು, ಮತ್ತೆ ಎಳೆಯುತ್ತಿದ್ದಳು. ಏಳು ವರ್ಷ ಆ ಚೌಕಟ್ಟಿನ ಪಕ್ಕದಲ್ಲಿ ಇದ್ದ ನನಗೆ ಗೊತ್ತಿತ್ತು, ಅದರ ಮರದೊಳಗೆ ಗೆದ್ದಲು ಹಿಡಿದಿದೆ ಎಂದು. ಅವಳಿಗೆ ಅದು ಗೊತ್ತಿರಲಿಲ್ಲ.

ಹಳೆಯ ಗುಜರಿ ಅಂಗಡಿಯಲ್ಲೇ ಈಗ ನನ್ನ ಮುಪ್ಪು. ನಾನು ಕೆಲಸಕ್ಕೆ ಬಂದದ್ದೆಲ್ಲ ಮುರಿದ ಮೇಲೆಯೇ ಎಂದು ಇಲ್ಲಿ ಬಿದ್ದುಕೊಂಡು ಯೋಚಿಸುತ್ತೇನೆ.

ಪರೀಕ್ಷೆಯ ಮರುದಿನ, ಸೋಮವಾರ, ಬಸಲಿಂಗಪ್ಪ ಮತ್ತೆ ಬಂದ. ಚೌಕಟ್ಟಿನಿಂದ ಕಿತ್ತುಬಂದ ಕೊಂಡಿಯನ್ನೂ ಅದರಲ್ಲಿದ್ದ ಹೊಸ ಬೀಗವನ್ನೂ ಮೇಜಿನ ಮೇಲೆ ಹಾಕಿದ. ತಿರುಪು ಮೊಳೆಗಳಿಗೆ ಮರದ ಪುಡಿ ಅಂಟಿಕೊಂಡಿತ್ತು.

“ಕೀಲಿ ಹಾಕೇ ಐತಲ್ಲಪಾ,” ಎಂದ ಅಂಗಡಿಯವನು. “ಕೀಲಿಕೈ ಕಳಕೊಂಡ್ಯೇನು?”

“ಕೀಲಿಕೈ ಐತಿ,” ಎಂದು ಬಸಲಿಂಗಪ್ಪ ಅದನ್ನು ಜೇಬಿನಿಂದ ತೆಗೆದಿಟ್ಟ.

ಹೊಸ ಬೀಗವನ್ನು ನನ್ನ ಪಕ್ಕಕ್ಕೆ ಎಸೆದರು. ಅದರಲ್ಲಿ ಯಾವ ದೋಷವೂ ಇರಲಿಲ್ಲ. ಅದು ಇನ್ನೂ ಹಾಕಿಕೊಂಡೇ ಇತ್ತು.