ನಾಲ್ಕು ವರ್ಷದವಳ ಫ್ರಾಕು

ಬೊಕ್ಕಾಪುರಂನ ನಂಜಮ್ಮ ತನ್ನ ಮೊಮ್ಮಗಳು ಜೀವಿತಾಳಿಗೆ ಮೂರು ವರ್ಷದಿಂದ ಒಂದೇ ಸುಳ್ಳು ಹೇಳಿಕೊಂಡು ಬಂದಿದ್ದಳು: "ನಿಮ್ಮಮ್ಮ ತಿರುಪ್ಪೂರಿನ ಕಂಪನಿ ಕೆಲಸಕ್ಕೆ ಹೋಗವ್ಳೆ." ಜೀಪು ನಿಂತ ಸದ್ದಾದರೆ ಸಾಕು, ಹುಡುಗಿ ಬಾಗಿಲಿಗೆ ಓಡುತ್ತಿದ್ದಳು.

ನಿಜವೇನೆಂದರೆ, ನಂಜಮ್ಮನ ಮಗಳು ರಮ್ಯಾ ಕೊಯಮತ್ತೂರಿನ ಹೆಂಗಸರ ಜೈಲಿನಲ್ಲಿದ್ದಳು. ಕುಡಿದು ಬಂದು ಹೊಡೆಯುತ್ತಿದ್ದ ಗಂಡನ ಮೇಲೆ ಒಂದು ದಿನ ಕತ್ತಿ ಬೀಸಿದ್ದಳು. ಅವನು ಬದುಕಿಕೊಂಡ, ಇವಳಿಗೆ ಶಿಕ್ಷೆಯಾಯಿತು. ಊರಿನ ಬಾಯಿಗೆ ಹೆದರಿ ನಂಜಮ್ಮ ಒಮ್ಮೆಯೂ ಆ ಕಡೆ ತಲೆ ಹಾಕಲಿಲ್ಲ. ಹಾಗಂತ ಊರಿನ ಬಾಯೇನೂ ಮುಚ್ಚಲಿಲ್ಲ.

ಒಂದು ಬೆಳಿಗ್ಗೆ ಮಾವನಲ್ಲ ಎಂಬ ಪಕ್ಕದೂರಿನ ಕಲೈಸೆಲ್ವಿ ಬಂದಳು. ಅದೇ ಜೈಲಿನಿಂದ ಬಿಡುಗಡೆಯಾದವಳು, ಒಳಗೆ ಕಲಿತ ಹೊಲಿಗೆಯಿಂದಲೇ ಈಗ ಸಂಸಾರ ನಡೆಸುವವಳು. ಕೈಯಲ್ಲೊಂದು ಹಳದಿ ಫ್ರಾಕು.

"ರಮ್ಯಾ ಹೊಲಿದದ್ದು ಅಕ್ಕಾ. ಮಗುಗೆ ಅಂತ."

"ಮೆಲ್ಲಗೆ ಮಾತಾಡು. ಅದನ್ನ ವಾಪಸ್ ತಗೊಂಡೋಗು," ಎಂದಳು ನಂಜಮ್ಮ.

ಅಷ್ಟರಲ್ಲಿ ಜೀವಿತಾ ಓಡಿ ಬಂದು ಫ್ರಾಕು ಹಾಕಿಕೊಂಡೇಬಿಟ್ಟಳು. ಗುಂಡಿ ಕೂಡಲಿಲ್ಲ. ಅದು ನಾಲ್ಕು ವರ್ಷದವಳ ಅಳತೆ, ಜೀವಿತಾಳಿಗೆ ಈಗ ಏಳು.

"ಅಜ್ಜಿ, ನಾನು ದೊಡ್ಡೋಳಾಗಿರೋದು ಅಮ್ಮಂಗೆ ಗೊತ್ತಿಲ್ವಾ?"

ನಂಜಮ್ಮ ಫ್ರಾಕು ಬಿಚ್ಚಿ ಮಡಚಿ ತನ್ನ ಬಳಿಯೇ ಇಟ್ಟುಕೊಂಡಳು. ಮಗು ಆಡಲು ಹೋದ ಮೇಲೆ ಕೇಳಿದಳು, "ಅವ್ಳು ಹೆಂಗವ್ಳೆ?"

"ಮನು ದಿನ, ಅಂದ್ರೆ ಮನೆಯೋರು ನೋಡೋಕೆ ಬರೋ ದಿನ, ತಲೆ ಬಾಚ್ಕೊಂಡು ಕಾಯ್ತಾಳೆ. ಎಲ್ಲರ ಹೆಸರೂ ಕೂಗ್ತಾರೆ, ಅವಳದು ಕೂಗಲ್ಲ."

"ನಮ್ಮನ್ನ ಒಳಗೆ ಬಿಡ್ತಾರಾ? ಮೇಲಿನ ಕೋರ್ಟಿಗೆ ಹೋಗೋಣ ಅಂದ್ರೆ ಲಾಯರಿಗೆ ಕೊಡೋಕೆ ನಮ್ಮ ಹತ್ರ ಏನೈತೆ?"

"ಗುರುತಿನ ಚೀಟಿ ತಗೊಂಡು ಹೋದ್ರೆ ಬಿಡ್ತಾರೆ. ಹೆಂಗಸರಿಗೆ ಕಾನೂನು ಸೇವೆಯೋರು ಲಾಯರನ್ನ ಸುಮ್ನೆ ಕೊಡ್ತಾರೆ. ನನಗೂ ಅವರೇ ಕೊಟ್ಟದ್ದು. ನಮ್ಮವ್ವ ಬಂದು ಬಂದು ಹೋಗ್ತಿದ್ಲು ಅಕ್ಕಾ, ಅದಕ್ಕೇ ನಾನು ಬದುಕ್ಕೊಂಡೆ."

ಮುಂದಿನ ವಾರ ಅಜ್ಜಿ, ಮೊಮ್ಮಗಳು ಬಸ್ಸು ಹತ್ತಿದರು. ದಾರಿಯಲ್ಲಿ ನಂಜಮ್ಮ ನಿಜ ಹೇಳಿದಳು. ಜೀವಿತಾ ಕೇಳಿದ್ದು ಒಂದೇ: "ಅಲ್ಲಿಗೆ ಹೋದ್ರೆ ಅಮ್ಮ ಇರ್ತಾಳಲ್ವಾ?"

ಜಾಲರಿಯ ಆಚೆ ರಮ್ಯಾ ನಿಂತಿದ್ದಳು. ಜೀವಿತಾ ಬೆನ್ನು ತಿರುಗಿಸಿ, ಟೈಲರ್ ಅಂಗಡಿಯಲ್ಲಿ ನಿಲ್ಲುವಂತೆ ನೆಟ್ಟಗೆ ನಿಂತಳು.

"ಅಮ್ಮಾ, ಈಗ ಅಳತೆ ನೋಡ್ಕೋ."

"ನೋಡ್ದೆ ಕಂದಾ. ಇನ್ನೊಂಚೂರು ಹೊತ್ತು ಹಂಗೇ ನಿಂತಿರು."

ಅಕ್ಕತಂಗಿಯರೇ, ನಿಮ್ಮ ಮನೆಯ ಹೆಣ್ಣು ಜೈಲಿನಲ್ಲಿದ್ದರೆ ನಾಚಿಕೆ ಬಿಟ್ಟು ಹೋಗಿ ನೋಡಿ. ವಕೀಲರು ಬೇಕಿದ್ದರೆ ಹತ್ತಿರದ ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ ಇದು ಉಚಿತ. ಅಲ್ಲಿ ಅವಳು ತಲೆ ಬಾಚಿಕೊಂಡು ಕಾಯುತ್ತಿದ್ದಾಳೆ. ಈ ಸಲ ಅವಳ ಹೆಸರನ್ನೂ ಕೂಗಲಿ.