ಗೋಡೆಯ ಬಿಸಿ, ಮೊಟ್ಟೆಯ ಬಿಸಿ

ಮಾವ ಮೊಟ್ಟೆಯ ಕಾವನ್ನು ಕಣ್ಣರೆಪ್ಪೆಯಿಂದ ನೋಡುತ್ತಾರೆ. ಕಣ್ಣು ಮುಚ್ಚಿ, ಮೊಟ್ಟೆಯನ್ನು ಬಲರೆಪ್ಪೆಗೆ ಒತ್ತಿಕೊಂಡು, ಎರಡು ಉಸಿರಿನಷ್ಟು ಹೊತ್ತು ಸುಮ್ಮನಿರುತ್ತಾರೆ. ಆಮೇಲೆ ಕಾವಿನ ಪೆಟ್ಟಿಗೆಯ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. ಮೂವತ್ತು ವರ್ಷ ಹೀಗೇ ಕೋಳಿಮರಿ ಮಾಡಿಸಿದ್ದಾರೆ. ಪೆಟ್ಟಿಗೆಯ ಥರ್ಮಾಮೀಟರ್ ನನ್ನ ಗಂಡ ತಂದಿದ್ದು. ಅವರು ತೀರಿಕೊಂಡು ಒಂದು ವರ್ಷ ನಾಲ್ಕು ತಿಂಗಳಾಯಿತು. ಮಾವ ಅದನ್ನು ತೆಗೆದೂ ಇರಲಿಲ್ಲ, ನೋಡಿಯೂ ಇರಲಿಲ್ಲ.

ಕಣ್ಣಿನ ಪೊರೆ ತೆಗೆಸಲು ಅವರು ಆಸ್ಪತ್ರೆಗೆ ಹೊರಟಾಗ ಇನ್ನೂರು ಮೊಟ್ಟೆಗಳಿಗೆ ಹದಿನೇಳು ದಿನ ತುಂಬಿತ್ತು.

"ನೀನು ಓದಿದೋಳು, ನೋಡ್ಕೋ," ಎಂದರು. "ಈ ಸಲ ಕೆಟ್ಟರೆ ಕಾವಿನ ಕೋಣೆಗೆ ಬೀಗ. ನನಗೂ ಸಾಕಾಯ್ತು."

ಗಂಡ ಹೋದ ಮೇಲೆ ನನಗೆ ಯಾರೂ ಯಾವ ಕೆಲಸವನ್ನೂ ಹೇಳಿರಲಿಲ್ಲ. ನಾನು ಮೊಟ್ಟೆಗಳ ನಡುವೆ ಬಿದ್ದಿದ್ದ ಥರ್ಮಾಮೀಟರನ್ನು ಒರೆಸಿ, ಗಾಜಿನ ಬಾಗಿಲಿನಿಂದ ಚೆನ್ನಾಗಿ ಕಾಣಲೆಂದು ಪೆಟ್ಟಿಗೆಯ ಗೋಡೆಗೆ, ಗಾಳಿಕಿಂಡಿಯ ಪಕ್ಕದಲ್ಲಿ ನೇತುಹಾಕಿದೆ. ಬೇಕಾದದ್ದು ಮೂವತ್ತೇಳೂವರೆ ಡಿಗ್ರಿ. ಇಳಿದಾಗಲೆಲ್ಲ ಗುಂಡಿ ತಿರುಗಿಸಿ ಏರಿಸಿದೆ.

ಹತ್ತೊಂಬತ್ತನೇ ದಿನ ಮಧ್ಯಾಹ್ನ ಮಾವ ಬಲಗಣ್ಣಿಗೆ ಪಟ್ಟಿ ಹಾಕಿಸಿಕೊಂಡು ಬಂದರು. ಪುಕ್ಕದ ದೂಳಿನ ಹತ್ತಿರ ಸುಳಿಯಬಾರದೆಂದು ಡಾಕ್ಟರು ಹೇಳಿದ್ದರು. ಕೋಣೆಯ ಹೊಸ್ತಿಲಾಚೆ ಕುರ್ಚಿ ಹಾಕಿಸಿಕೊಂಡು ಕೂತರು.

"ಒಂದು ಮೊಟ್ಟೆ ತಾ."

ತಂದುಕೊಟ್ಟೆ. ಎಡರೆಪ್ಪೆಗೆ ಒತ್ತಿಕೊಂಡರು.

"ಬಿಸಿ ಹೆಚ್ಚಾಗಿದೆ."

"ಮೂವತ್ತೇಳೂವರೆ ಇದೆ ಮಾವ. ಈಗಷ್ಟೇ ನೋಡಿದೆ."

"ಎಲ್ಲಿ ನೋಡ್ದೆ?"

"ಗೋಡೇಲಿ. ಗಾಳಿಕಿಂಡಿ ಪಕ್ಕ."

"ಹಾಗಾದ್ರೆ ಗೋಡೆಗೆ ಮರಿ ಆಗುತ್ತೆ ಬಿಡು."

ಅತ್ತೆ ಒಳಗಿನಿಂದಲೇ ಅಂದರು, "ಹೋಗಿದ್ದೋರು ಬಾಯಿಗೂ ಒಂದು ಪಟ್ಟಿ ಹಾಕಿಸ್ಕೊಂಡು ಬರಬೇಕಿತ್ತು."

ಮಾವ ಮೊಟ್ಟೆಯನ್ನು ಕೈಯಲ್ಲೇ ಹೊರಳಿಸಿದರು. "ಆದ್ರೆ ಎಡಗಣ್ಣನ್ನ ನಾನು ನಂಬಲ್ಲ. ಸುಳ್ಳು ಹೇಳಿದ್ರೂ ಹೇಳೀತು."

"ಮದುವೆಗೆ ಮುಂಚೆ ನನ್ನನ್ನ ನೋಡಿದ್ದು ಆ ಕಣ್ಣಲ್ಲೇ ಇರ್ಬೇಕು," ಎಂದರು ಅತ್ತೆ.

ನನಗೆ ನಗಲು ಪುರಸೊತ್ತಿರಲಿಲ್ಲ. ಬಿಸಿ ಹೆಚ್ಚಿದ್ದರೆ ಮರಿಗಳು ಚಿಪ್ಪಿನೊಳಗೇ ಬೇಯುತ್ತವೆ. ಹೆಚ್ಚಿಲ್ಲದೆ ನಾನು ಸುಮ್ಮನೆ ಇಳಿಸಿದರೆ ತಣ್ಣಗಾಗಿ ಸಾಯುತ್ತವೆ. ಥರ್ಮಾಮೀಟರಿಗೆ ಗೊತ್ತಿರುವುದು ತನ್ನ ಬಿಸಿ ಒಂದೇ. ಯಾವುದನ್ನು ಮುಟ್ಟಿಕೊಂಡು, ಅದಕ್ಕೆ ಸಮನಾಗುವಷ್ಟು ಹೊತ್ತು ಇರುತ್ತದೋ ಅದರ ಬಿಸಿಯನ್ನು ಹೇಳುತ್ತದೆ. ನಾನು ಎರಡು ದಿನದಿಂದ ಹೊರಗಿನ ತಂಗಾಳಿಯ ಮಾತು ಕೇಳಿ ಪೆಟ್ಟಿಗೆ ಕಾಯಿಸಿದ್ದೆ. ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಇದನ್ನೇ ಎರಡು ಪುಟ ಬರೆದು ಹತ್ತಕ್ಕೆ ಹತ್ತು ತೆಗೆದುಕೊಂಡವಳು.

ಅದನ್ನು ಗೋಡೆಯಿಂದ ಬಿಡಿಸಿ ಮೊಟ್ಟೆಗಳ ನಡುವೆ ಮಲಗಿಸಿ ಬಾಗಿಲು ಮುಚ್ಚಿದೆ.

"ಏನಂತೆ?" ಎಂದರು ಮಾವ.

"ತಡೀರಿ. ಅದಕ್ಕೂ ಬಿಸಿ ಆಗೋಕೆ ಹೊತ್ತು ಬೇಕು."

"ನನ್ನ ರೆಪ್ಪೆಗೆ ಎರಡು ಉಸಿರು ಸಾಕು."

"ನಿಮ್ಮ ರೆಪ್ಪೆ ಆಸ್ಪತ್ರೆ ರಜೆಯಲ್ಲಿದೆ ಮಾವ."

ಅತ್ತೆ ಬಾಗಿಲಿಗೆ ಬಂದು ನಿಂತರು. ಕೆಂಪು ಗೆರೆ ಮೂವತ್ತೆಂಟು ದಾಟಿತು. ಮೂವತ್ತೆಂಟೂವರೆ. ಹತ್ತು ನಿಮಿಷಕ್ಕೆ ಮೂವತ್ತೊಂಬತ್ತಕ್ಕೆ ಬಂದು ನಿಂತಿತು.

"ಗೋಡೇಗಿಂತ ಒಂದೂವರೆ ಹೆಚ್ಚು," ಎಂದೆ. "ಗಾಳಿಕಿಂಡಿಯಿಂದಲೇ ಇಷ್ಟೊಂದು ವ್ಯತ್ಯಾಸವಾ?"

"ಅದೊಂದೇ ಅಲ್ಲಮ್ಮ," ಎಂದರು ಮಾವ. "ಹದಿನೆಂಟು ದಿನ ದಾಟಿದ ಮೇಲೆ ಒಳಗಿರೋದು ಮರಿ ಅಲ್ಲ, ಒಲೆ. ಹಳದಿ ತಿಂದು ಉರೀತಿರುತ್ತೆ."

ಇನ್ನೂರು ಒಲೆ. ಶಾಖ ಶೂನ್ಯದಿಂದ ಹುಟ್ಟುವುದಿಲ್ಲ ಎಂಬ ಉಷ್ಣಶಾಸ್ತ್ರದ ಮೊದಲ ನಿಯಮ ನನಗೆ ಬಾಯಿಪಾಠ. ಈ ಪೆಟ್ಟಿಗೆಯ ಲೆಕ್ಕದಲ್ಲಿ ಮಾತ್ರ ನಾನು ವಿದ್ಯುತ್ತನ್ನು ಹಿಡಿದು ಮರಿಗಳನ್ನು ಬಿಟ್ಟಿದ್ದೆ. ಗುಂಡಿ ಇಳಿಸಿದೆ, ಕಿಂಡಿಗಳನ್ನೆಲ್ಲ ತೆರೆದೆ. ಒಂದು ಗಂಟೆಯಲ್ಲಿ ಗೆರೆ ಮೂವತ್ತೇಳೂವರೆಗೆ ಬಂತು. ಅಲ್ಲಿಂದಾಚೆಗೆ ಕಾಯುವುದಷ್ಟೇ ಉಳಿದಿತ್ತು.

ಇಪ್ಪತ್ತೊಂದನೇ ದಿನ ಬೆಳಗ್ಗೆ ಪೆಟ್ಟಿಗೆಗೆ ಕಿವಿಯಿಟ್ಟೆ. ಏನೂ ಇಲ್ಲ. ಮಾವ ಕುರ್ಚಿಯಲ್ಲಿ ಪೇಪರನ್ನು ತಲೆಕೆಳಗಾಗಿ ಹಿಡಿದು ಕೂತಿದ್ದರು. ಅತ್ತೆ ಕೂಡ ಅದನ್ನು ಎತ್ತಿ ಆಡಲಿಲ್ಲ.

ಹತ್ತೂವರೆಗೆ ಒಂದು ಸಣ್ಣ ಸದ್ದು, ಉಗುರಿನಿಂದ ತಟ್ಟಿದ ಹಾಗೆ. ಮತ್ತೊಂದು. ಒಂದು ಚಿಪ್ಪಿನಲ್ಲಿ ನಕ್ಷತ್ರದಂಥ ಬಿರುಕು, ಅದರೊಳಗೆ ಕೊಕ್ಕು. "ಬಂತು," ಎಂದೆ; ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಮನೆಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳದಷ್ಟು ಚಿಲಿಪಿಲಿ. ಸಂಜೆಗೆ ನೂರ ಎಪ್ಪತ್ತೆಂಟು ಮರಿ. ಉಳಿದವು ಕದಲಲಿಲ್ಲ.

"ನನ್ನ ಕೈಯಲ್ಲೂ ಎಷ್ಟೋ ಸಲ ಇಷ್ಟು ಬಂದಿಲ್ಲ," ಎಂದರು ಮಾವ. ಅತ್ತೆಯ ಮಡಿಲಲ್ಲಿ ಏಳು ಮರಿ, ಒಂದು ಅವರ ಹೆಗಲು ಹತ್ತಿತ್ತು. "ಇಳಿಯೇ ಕಳ್ಳಿ," ಎಂದು ಬೈಯುತ್ತಿದ್ದರು, ಇಳಿಸುತ್ತಿರಲಿಲ್ಲ.

ಮಾವ ಮೊಟ್ಟೆಯವನಿಗೆ ಫೋನ್ ಹಚ್ಚಿದರು. "ಸೋಮವಾರಕ್ಕೆ ಇನ್ನೂರು ಕಳಿಸಪ್ಪ. ನಾನಲ್ಲ, ಸೊಸೆ ನೋಡ್ಕೋತಾಳೆ."

ನನ್ನನ್ನು ಕೇಳಿರಲೇ ಇಲ್ಲ. ಎರಡೂ ಕೈತುಂಬ ಒದ್ದೆ ಮರಿಗಳಿದ್ದವು, ಒಂದು ಆಗಲೇ ನನ್ನ ಅಂಗೈ ಗಲೀಜು ಮಾಡಿತ್ತು.

"ಮುನ್ನೂರು ಅನ್ನಿ ಮಾವ," ಎಂದೆ.