ಯಾರ ಕೈ ಸಡಿಲ

ಕಾರು ರಿಪೇರಿ ಶೆಡ್ಡಿನ ಗೇಟಿನೊಳಗೆ ಬರುವ ಮೊದಲೇ ಅದರ ಸದ್ದು ಕೇಳಿ ಅವಳು ಕೈಲಿದ್ದ ಕೆಲಸ ಬಿಟ್ಟು ಎದ್ದಳು. ಇಂಜಿನ್ನಿನ ಪಕ್ಕದಿಂದ ಟಪ್ ಟಪ್ ಟಪ್ ಎಂದು ಹೊಗೆ ಸೋರುತ್ತಿತ್ತು. ಹೆಡರ್ ಮತ್ತೆ ಬಾಯಿ ಬಿಟ್ಟಿತ್ತು. ಸುಟ್ಟ ಹೊಗೆಯನ್ನು ಇಂಜಿನ್ನಿನಿಂದ ಹೊರಗೆ ಸಾಗಿಸುವ ಆ ಕೊಳವೆಗಳ ಗೊಂಚಲನ್ನು ಬೋಲ್ಟು ಹಾಕಿ ಕೂರಿಸಿದವಳು ಅವಳೇ. ನಡುವಿನಿಂದ ಶುರುಮಾಡಿ ಅಂಚಿನವರೆಗೆ, ಒಂದೊಂದಕ್ಕೂ ಅಳತೆಯ ಬಿಗಿ ಕೊಟ್ಟು ಕೂರಿಸಿದ್ದಳು.

ಅಣ್ಣ ಹೆಲ್ಮೆಟ್ಟು ಕಿತ್ತು ಸೀಟಿನ ಮೇಲೆ ಎಸೆದ. ರೇಸು ಓಡಿಸುವವನು ಅವನು. ಕಾರು ಗೆದ್ದರೆ ಅವನು ಓಡಿಸಿದ್ದರಿಂದ, ಸೋತರೆ ತಂಗಿ ಬಿಗಿ ಮಾಡದ್ದರಿಂದ. ಈ ನ್ಯಾಯ ಆ ಶೆಡ್ಡಿನಲ್ಲಿ ಯಾವಾಗ ಜಾರಿಗೆ ಬಂತೋ ದೇವರಿಗೇ ಗೊತ್ತು.

"ಮತ್ತೆ ಸಡಿಲ ಆಗಿದೆ ಕಣೇ ಬಿಗಿಯಮ್ಮ! ಹೊಟ್ಟೆಗೆ ಏನಾದ್ರೂ ತಿಂತೀಯೋ ಇಲ್ವೋ?"

ಬಿಗಿಯಮ್ಮ ಅಂತ ಅಡ್ಡಹೆಸರಿಟ್ಟವನೂ ಅವನೇ. ಟಯರಿನವನು, ಪೇಂಟಿನವನು, ಕೆಲಸವಿಲ್ಲದೆ ನಿಂತಿದ್ದವರು ಎಲ್ಲರೂ ಹಲ್ಲು ಕಿರಿದರು. ಅಪ್ಪನಾದರೂ ತನ್ನ ಪರ ಒಂದು ಮಾತಾಡಿಯಾರು ಎಂದು ಅವಳು ತಿರುಗಿ ನೋಡಿದಳು. ಶೆಡ್ಡು ಅಪ್ಪನದು, ಅವಳ ಕೈ ಹಿಡಿದು ಕೆಲಸ ಕಲಿಸಿದವರೂ ಅಪ್ಪನೇ. ಅವರು ಮಾತಾಡಿದರು, ಅದೇನೋ ನಿಜ.

"ಅವಳನ್ನ ಯಾಕೋ ಬೈತೀಯ? ಹೆಣ್ಣುಮಗಳ ಕೈ, ಎಷ್ಟೂಂತ ಬಿಗಿ ಬಂದೀತು? ಹೊರಗಿನ ಮೇಸ್ತ್ರಿ ಹತ್ರ ಮಾತಾಡಿದ್ದೀನಿ, ಇನ್ಮೇಲೆ ಇಂಜಿನ್ನು ಅವನು ನೋಡ್ಕೋತಾನೆ. ನೀನು ಕೌಂಟರಿನಲ್ಲಿ ಕೂತು ಸ್ಪೇರ್ ಪಾರ್ಟ್ಸ್ ಕೊಡಮ್ಮ, ಸಾಕು."

ಕೊಡಮ್ಮ! ಬೈದಿದ್ದರೆ ಸಹಿಸಬಹುದಿತ್ತು. ಎಲ್ಲರ ಎದುರು ಬೆಣ್ಣೆ ಹಚ್ಚಿ ಅವಳನ್ನು ಇಂಜಿನ್ನಿನಿಂದ ಎಬ್ಬಿಸಿದ್ದು ಕಂಡು ಅವಳಿಗೆ ಮೈಯೆಲ್ಲ ಉರಿದುಹೋಯಿತು. ಈ ಇಂಜಿನ್ನಿನ ಒಂದೊಂದು ತುಣುಕನ್ನೂ ಬಿಚ್ಚಿ, ತೊಳೆದು, ಕಟ್ಟಿದವಳು ಅವಳು. ಅದನ್ನು ಬಿಟ್ಟು ಕೌಂಟರಿನಲ್ಲಿ ಕೂತು ಫಿಲ್ಟರಿನ ಡಬ್ಬಗಳಿಗೆ ಧೂಳು ಹೊಡೆಯಬೇಕಂತೆ.

"ಇನ್ನೊಂದು ಸಲ ನಾನೇ ಹಾಕ್ತೀನಿ," ಎಂದಳು. "ಹೊಸ ಬೋಲ್ಟು, ಹೊಸ ಗ್ಯಾಸ್ಕೆಟ್ಟು. ನಾಳೆ ಅಣ್ಣ ಓಡಿಸಿ ನೋಡ್ಲಿ. ಆಗ್ಲೂ ಸಡಿಲ ಆದ್ರೆ ನಿಮ್ಮ ಮೇಸ್ತ್ರಿ ಬರ್ಲಿ."

ಅಪ್ಪ ನಿಟ್ಟುಸಿರು ಬಿಟ್ಟು ತಲೆಯಾಡಿಸಿದರು. ಆ ನಿಟ್ಟುಸಿರೂ ಅವಳಿಗೆ ಹಿಡಿಸಲಿಲ್ಲ.

ಇಂಜಿನ್ನು ಆರಿದ ಮೇಲೆ ಹಳೆಯ ಬೋಲ್ಟುಗಳನ್ನು ಬಿಚ್ಚಿದಳು. ಒಂದನ್ನು ಬೆಳಕಿಗೆ ಹಿಡಿದವಳು ಹಾಗೇ ನಿಂತಳು. ಬೋಲ್ಟಿನ ಕತ್ತು ಸಣ್ಣಗಾಗಿತ್ತು. ಹೊಸದರ ಪಕ್ಕ ಇಟ್ಟರೆ ಅದಕ್ಕಿಂತ ಉದ್ದವಾಗಿತ್ತು. ಇನ್ನೊಂದನ್ನು ನೋಡಿದಳು, ಅದೂ ಹಾಗೇ. ಬಿಗಿ ಸಾಲದ ಬೋಲ್ಟು ಹೀಗೆ ಜಗ್ಗುವುದಿಲ್ಲ. ಯಾರೋ ಇವನ್ನು ಅಳತೆ ಮೀರಿ ಬಿಗಿದು ಎಳೆದಿದ್ದರು. ಒಮ್ಮೆ ಜಗ್ಗಿದ ಬೋಲ್ಟು ಮತ್ತೆ ಹಿಡಿತಕ್ಕೆ ಬರುವುದಿಲ್ಲ, ಮುಂದಿನ ಓಟದಲ್ಲಿ ಬಿಸಿಯೇರಿದರೆ ಕೈಬಿಡುತ್ತದೆ. ಅವಳ ಟಾರ್ಕ್ ರೆಂಚ್ ಅಳತೆ ಮುಟ್ಟಿದೊಡನೆ ಕಟಕ್ಕೆನ್ನುತ್ತದೆ, ಅವಳು ಅಲ್ಲಿಗೇ ನಿಲ್ಲಿಸುತ್ತಾಳೆ. ಹಾಗಾದರೆ ಎಳೆದವರು ಯಾರು?

ಯಾವಾಗ ಎಂಬುದು ಮಾತ್ರ ಹೊಳೆಯಿತು. ಓಟ ಮುಗಿದ ಮೇಲೆ ಇಂಜಿನ್ನು ಪೂರ್ತಿ ತಣ್ಣಗಾಗುವವರೆಗೆ ಕಾದು ಬೋಲ್ಟುಗಳನ್ನು ಮತ್ತೊಮ್ಮೆ ಪರೀಕ್ಷಿಸುವುದು ಅವಳ ಪದ್ಧತಿ. ಆ ಕಾಯುವ ಹೊತ್ತಿನಲ್ಲಿ ಅವಳು ಮನೆಗೆ ಹೋಗಿ ಊಟ ಮಾಡಿ ಬರುತ್ತಾಳೆ. "ಹೋಗು, ಊಟ ಮಾಡ್ಕೊಂಡು ಬಾ" ಎಂದು ಅವಸರಿಸಿ ಕಳಿಸುವವರು ಅಪ್ಪ.

ಮರುದಿನ ಅಣ್ಣ ಕಾರು ಓಡಿಸಿ ತಂದಾಗ ಹೆಡರಿನಿಂದ ಒಂದು ಪಿಟ್ ಎಂಬ ಸದ್ದೂ ಇರಲಿಲ್ಲ. ಅಪ್ಪ ಎಂದಿನಂತೆ ಊಟಕ್ಕೆ ಕಳಿಸಿದರು. ಅವಳು ಹಿಂಬಾಗಿಲಿನಿಂದ ಒಳಗೆ ಬಂದು ಟಯರುಗಳ ರಾಶಿಯ ಹಿಂದೆ ಕೂತಳು.

ಅಪ್ಪ ಬಂದರು, ಕೈಯಲ್ಲಿ ಸ್ಪ್ಯಾನರು. ಹಿಡಿಗೆ ಉದ್ದನೆಯ ಪೈಪು ಸಿಕ್ಕಿಸಿದ್ದರು. ಅತ್ತಿತ್ತ ನೋಡಿ, ಕೈಗೆ ಬಟ್ಟೆ ಸುತ್ತಿಕೊಂಡು, ಸುಡುತ್ತಿದ್ದ ಹೆಡರಿನ ಮೇಲೆ ಬಗ್ಗಿ ಮೊದಲ ಬೋಲ್ಟಿಗೆ ಸ್ಪ್ಯಾನರು ಹಾಕಿದರು. ಅಷ್ಟರಲ್ಲಿ ಬಾಗಿಲ ಬಳಿ ಹೆಜ್ಜೆ ಸದ್ದಾಯಿತು. ಅಣ್ಣ! ಅವನ ಕೈಯಲ್ಲೂ ಒಂದು ಸ್ಪ್ಯಾನರು.

"ಅಪ್ಪ, ನೀವೂನಾ?" ಎಂದ ಅವನು.

"ಮುಟ್ಟಿದ್ರೆ ನೋಡಿ ಮತ್ತೆ!" ಅವಳು ಎದ್ದು ಬಂದ ರಭಸಕ್ಕೆ ಮೇಲಿನ ಟಯರು ಉರುಳಿತು. "ಇಷ್ಟು ದಿನ ಇಬ್ಬರೂ ಸೇರಿ ನನ್ನ ಬೋಲ್ಟು ಜಗ್ಗಿ ಹಾಳು ಮಾಡಿ, ಎಲ್ಲರ ಮುಂದೆ ನನ್ನ ಕೈ ಸಡಿಲ ಅಂದ್ರಾ?"

"ಸೇರಿ ಅಲ್ಲಮ್ಮ," ಅಪ್ಪ ತಡವರಿಸಿದರು. "ಇವನೂ ಮಾಡ್ತಾನೆ ಅಂತ ನಂಗೊತ್ತಿರ್ಲಿಲ್ಲ. ನಿನ್ನ ಕೈಗೆ ಬಲ ಸಾಲದೇನೋ, ಪಾಪ, ಕೆಟ್ಟ ಹೆಸರು ಬರೋದು ಬೇಡ ಅಂತ ಸುಮ್ನೆ ಒಂದು ಸುತ್ತು..."

"ನಾನೂ ಅಷ್ಟೇ ಕಣೇ," ಎಂದ ಅಣ್ಣ. "ಪಾಪ ಅಂತ."

"ನಿಮ್ಮ ಪಾಪಕ್ಕಿಷ್ಟು ಬೆಂಕಿ ಹಾಕ! ಬಿಸಿ ಬೋಲ್ಟು ಎಳೀಬಾರದು ಅಂತ ನಂಗೆ ಹೇಳಿಕೊಟ್ಟೋರೇ ನೀವಲ್ವಾ ಅಪ್ಪ? ನನ್ನ ಮೇಲೆ ನಂಬಿಕೆ ಇಲ್ಲ ಅಂತ ಮುಖಕ್ಕೇ ಹೇಳಿದ್ರೆ ಜಗಳ ಆಡ್ತಿದ್ದೆ. ಕದ್ದು ಕದ್ದು ಉಪಕಾರ ಮಾಡೋರ ಜೊತೆ ಹೇಗೆ ಜಗಳ ಆಡ್ಲಿ?"

ಅಣ್ಣ ಸ್ಪ್ಯಾನರನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ನೆಲ ನೋಡಿದ. ಅಪ್ಪ ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿದರು.

"ಆಯ್ತಮ್ಮ, ತಪ್ಪಾಯ್ತು. ಆದ್ರೆ ಆ ಮೇಸ್ತ್ರಿಗೆ ಬಾ ಅಂತ ಹೇಳಿಬಿಟ್ಟಿದ್ದೀನಲ್ಲ. ಈಗ ಏನಂತ ಬೇಡ ಅನ್ನಲಿ?"

"ನಡೆದಿದ್ದು ಹೇಳಿ. ಈಗ್ಲೇ, ನನ್ನ ಮುಂದೆ."

ಅಪ್ಪ ಫೋನು ಕಿವಿಗಿಟ್ಟರು. "ಹಾಂ, ನಾನೇ ಕಣಪ್ಪ... ನೀನು ಬರೋದು ಬೇಡ... ಇಲ್ಲ ಇಲ್ಲ, ಇಂಜಿನ್ನು ಮಗಳೇ ನೋಡ್ಕೋತಾಳೆ... ಬೋಲ್ಟಾ? ಅದು... ಅದೇನಾಯ್ತು ಅಂದ್ರೆ..."

ಅಪ್ಪನ ಹಣೆಯಲ್ಲಿ ಬೆವರೊಡೆಯಿತು. ಕಿವಿಯ ತುದಿ ಕೆಂಪಾಯಿತು. ಅವರು ಮಗಳ ಕಡೆ ನೋಡಿದರು. ಅವಳಿಗೆ ಪಾಪ ಅನ್ನಿಸಿತು. ಹೋಗಲಿ ಬಿಡಿ ಅಪ್ಪ, ಎಂದು ಫೋನು ಇಸಿದುಕೊಂಡು ತಾನೇ ಏನಾದರೊಂದು ಹೇಳಿ ಮುಗಿಸಿಬಿಡೋಣ ಎಂದು ಕೈ ಅರ್ಧ ಮುಂದೆ ಹೋಯಿತು.

ಹೋದ ಕೈಯನ್ನು ಅವಳು ಹಿಂದಕ್ಕೆಳೆದುಕೊಂಡು ಕಟ್ಟಿ ನಿಂತಳು. ಅಪ್ಪ ಒಂದು ಸಲ ಕೆಮ್ಮಿದರು.

"ಬೋಲ್ಟು ಹಾಳು ಮಾಡಿದ್ದು ನಾನೇ ಕಣಪ್ಪ," ಎಂದರು.